ರಾಕೆಟ್ ಬಿದ್ದ ಮೇಲೆ ನಮ್ಮೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2025ರ ಮೇ 18ರ ಭಾನುವಾರ ಬೆಳಿಗ್ಗೆ ಇಸ್ರೋದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಹಾರಿದ್ದನ್ನು ಮನೆಯ ಜಗಲಿಯಲ್ಲಿ ಕೂತು ನೋಡಿದೆ. ಬೇಸಿಗೆ ರಜೆ, ಅಕ್ಕಪಕ್ಕದ ಮನೆಯ ಮಕ್ಕಳೂ ಬಂದಿದ್ದರು. 2026ರ ಜನವರಿ 12ರ ಸೋಮವಾರ ಸಿ62 ಹಾರಿದ್ದು ಶಾಲೆಯ ಹೊತ್ತಿನಲ್ಲಿ. ಹತ್ತನೇ ತರಗತಿಯವರ ಜೊತೆ ನೋಡಿದೆ. ಎರಡೂ ಸಲ ರಾಕೆಟ್ ಚೆನ್ನಾಗಿ ಎದ್ದಿತು. ಎರಡೂ ಸಲ ಮೂರನೇ ಹಂತದಲ್ಲಿ ಕೆಟ್ಟಿತು.

ಸಿ62 ಬಿದ್ದ ಸಂಜೆ ಅಡಕೆ ಸುಲಿಯುವ ಚಪ್ಪರದಲ್ಲಿ ಬೇರೆ ಮಾತೇ ಇರಲಿಲ್ಲ. ಆಮೇಲೆ ಬಸ್ಸಿನಲ್ಲಿ, ಸೊಸೈಟಿಯಲ್ಲಿ, ಪೋಷಕರ ಸಭೆಯಲ್ಲಿ ಅದೇ ಪ್ರಶ್ನೆಗಳು ಬಂದವು. "ಮೇಷ್ಟ್ರೇ, ನಿಜ ಹೇಳಿ, ಏನಾಯ್ತು?" ಎಲ್ಲರಿಗೂ ಒಂದೊಂದೇ ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಇದು ಹೇಳಿ. ಯಾರಿಗಾದರೂ ಏನಾದರೂ ಆಯ್ತಾ?

ಇಲ್ಲ. ಎರಡೂ ಜನರಿಲ್ಲದ ರಾಕೆಟ್‌ಗಳು. ಕಳೆದುಕೊಂಡಿದ್ದು ಉಪಗ್ರಹಗಳನ್ನು.

ಆಗಿದ್ದಾದರೂ ಏನು?

ಪಿಎಸ್‌ಎಲ್‌ವಿಗೆ ನಾಲ್ಕು ಹಂತ. ಒಂದನೇ ಮತ್ತು ಮೂರನೇ ಹಂತದಲ್ಲಿ ಘನ ಇಂಧನ, ಎರಡನೇ ಮತ್ತು ನಾಲ್ಕನೇ ಹಂತದಲ್ಲಿ ದ್ರವ ಇಂಧನ. ಒಂದು ಹಂತ ಉರಿದು ಮುಗಿದರೆ ಕಳಚಿ ಬೀಳುತ್ತದೆ, ಮುಂದಿನದು ಹೊತ್ತಿಕೊಳ್ಳುತ್ತದೆ.

ಸಿ61ರಲ್ಲಿ ಇಒಎಸ್-09 ಎಂಬ ರೇಡಾರ್ ಉಪಗ್ರಹವಿತ್ತು. ತೂಕ ಸುಮಾರು 1,700 ಕಿಲೋ. ಎರಡು ಹಂತ ಸರಿಯಾಗಿ ಹೋದವು. ಮೂರನೆಯದು ಹೊತ್ತಿಕೊಂಡ ಮೇಲೆ ಅದರ ಒಳಗಿನ ಒತ್ತಡ ಇಳಿಯಿತು ಎಂದು ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಅವತ್ತೇ ಹೇಳಿದರು.

ಸಿ62ರಲ್ಲಿ ಇಒಎಸ್-ಎನ್1 ಎಂಬ ಭೂಮಿ ನೋಡುವ ಉಪಗ್ರಹ ಮತ್ತು ಅದರ ಜೊತೆ 15 ಸಣ್ಣ ಉಪಗ್ರಹಗಳಿದ್ದವು. ಮೂರನೇ ಹಂತ ಮುಗಿಯುವ ಹೊತ್ತಿಗೆ ರಾಕೆಟ್ ತನ್ನ ಅಕ್ಷದ ಸುತ್ತ ಹೊರಳತೊಡಗಿತು, ದಾರಿ ತಪ್ಪಿತು. ಇಸ್ರೋ ಹೇಳಿದ ಮಾತು ಇಷ್ಟು.

ಒತ್ತಡ ಇಳಿಯೋದು ಅಂದ್ರೆ ಏನು? ಅಷ್ಟಕ್ಕೆ ರಾಕೆಟ್ ಬೀಳುತ್ತದಾ?

ಇದನ್ನು ಅಡಕೆಗೆ ಬೋರ್ಡೋ ಔಷಧಿ ಹೊಡೆಯುವವರಿಗೆ ಹೇಳುವುದು ಸುಲಭ. ಮಳೆ ಹಿಡಿಯುವ ಮೊದಲು ನಾವು ಮೈಲುತುತ್ತ, ಸುಣ್ಣ ಕಲಸಿ ಡ್ರಮ್ಮಿಗೆ ತುಂಬುತ್ತೇವೆ. ಪಂಪು ಕೆಳಗಿರುತ್ತದೆ, ಪೈಪು ಮೇಲೆ ಹೋಗುತ್ತದೆ. ಪಂಪಿನ ಒತ್ತಡ ಸರಿಯಾಗಿದ್ದರೆ ಔಷಧಿ ಗೊನೆಗೆ ಮಂಜಿನ ಹಾಗೆ ಬೀಳುತ್ತದೆ. ಪೈಪು ಎಲ್ಲೋ ಒಂದು ಕಡೆ ಬಿರಿದರೆ? ಪಂಪು ಓಡುತ್ತಲೇ ಇರುತ್ತದೆ, ಸದ್ದು ಅದೇ ಇರುತ್ತದೆ. ಆದರೆ ಔಷಧಿ ಅರ್ಧ ಮರಕ್ಕೇ ನಿಲ್ಲುತ್ತದೆ.

ರಾಕೆಟ್ಟಿನಲ್ಲೂ ಸುಮಾರು ಹಾಗೆಯೇ. ಮೂರನೇ ಹಂತದ ಕವಚದೊಳಗೆ 7.6 ಟನ್‌ನಷ್ಟು ರಬ್ಬರಿನಂಥ ಘನ ಇಂಧನ ಇರುತ್ತದೆ. ಅದು ಉರಿದಾಗ ಬರುವ ಬಿಸಿ ಅನಿಲ ಒಳಗೆ ಒತ್ತಡ ಕಟ್ಟಿಕೊಂಡು ಮೂತಿಯಿಂದ ರಭಸದಲ್ಲಿ ಹೊರಗೆ ನುಗ್ಗಬೇಕು. ಆ ರಭಸವೇ ರಾಕೆಟ್ಟನ್ನು ಮುಂದಕ್ಕೆ ದೂಡುವುದು. ಒತ್ತಡ ಇಳಿದರೆ ದೂಡುವ ಬಲವೂ ಇಳಿಯಿತು.

ಒಂದು ವ್ಯತ್ಯಾಸ ಇದೆ. ನಾವು ಪಂಪು ನಿಲ್ಲಿಸಿ ಪೈಪಿಗೆ ಬಟ್ಟೆ ಸುತ್ತಿ ಮತ್ತೆ ಶುರು ಮಾಡಬಹುದು. ಘನ ಇಂಧನ ಒಮ್ಮೆ ಹೊತ್ತಿದರೆ ಮುಗಿಯುವ ತನಕ ಉರಿಯುವುದೇ. ನಿಲ್ಲಿಸಲು ಆಗುವುದಿಲ್ಲ. ಕೆಳಗೆ ಕೂತ ವಿಜ್ಞಾನಿಗಳು ಅಂಕಿಗಳು ಬದಲಾಗುವುದನ್ನು ನೋಡುತ್ತಾ ಕೂರಬೇಕು. ಟಿವಿಯಲ್ಲಿ ಅವರ ಮುಖ ನೋಡಿದಿರಲ್ವಾ? ನನಗಂತೂ ಅದನ್ನು ಮರೆಯಲು ಆಗುತ್ತಿಲ್ಲ.

ಅಷ್ಟು ಎತ್ತರ ಹೋಗಿತ್ತಲ್ಲ, ಅಲ್ಲೇ ನಿಲ್ಲಬಾರದಿತ್ತಾ?

ಇದು ಎಂಟನೇ ತರಗತಿಯ ಒಬ್ಬ ಹುಡುಗಿಯ ಪ್ರಶ್ನೆ. ಈ ಪಟ್ಟಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಎತ್ತರಕ್ಕೆ ಹೋದರೆ ಮಾತ್ರ ಸಾಲದು. ಅಡ್ಡಕ್ಕೆ ಓಡಬೇಕು. ಒಂದು ಕಲ್ಲನ್ನು ಮೆಲ್ಲಗೆ ಎಸೆದರೆ ಹತ್ತಿರ ಬೀಳುತ್ತದೆ. ಜೋರಾಗಿ ಎಸೆದರೆ ದೂರ ಬೀಳುತ್ತದೆ. ಗಂಟೆಗೆ ಸುಮಾರು 27,000 ಕಿಲೋಮೀಟರ್ ವೇಗದಲ್ಲಿ ಎಸೆದರೆ ಅದು ಬೀಳುತ್ತಲೇ ಇರುತ್ತದೆ, ಆದರೆ ಭೂಮಿಯೂ ಅದರ ಕೆಳಗೆ ಬಾಗುತ್ತಾ ಹೋಗುವುದರಿಂದ ನೆಲ ಮುಟ್ಟುವುದಿಲ್ಲ. ಅದೇ ಕಕ್ಷೆ. ಮೂರನೇ ಮತ್ತು ನಾಲ್ಕನೇ ಹಂತದ ಮುಖ್ಯ ಕೆಲಸ ಈ ಅಡ್ಡ ವೇಗ ಕೊಡುವುದು. ಅಲ್ಲಿ ಕಡಿಮೆ ಬಿದ್ದರೆ ಎಷ್ಟೇ ಮೇಲಿದ್ದರೂ ಕಲ್ಲಿನ ಹಾಗೆ ವಾಪಸ್ ಬರುತ್ತದೆ.

ಶತ್ರು ದೇಶದವರು ಕೆಡಿಸಿದ್ದು ಅಂತಾರೆ. ನಿಜವಾ?

ಅತಿ ಹೆಚ್ಚು ಜನ ಕೇಳಿದ್ದು ಇದನ್ನೇ. ಕೇಳಿದವರನ್ನು ದೂರುವ ಹಾಗಿಲ್ಲ. 2025ರ ಮೇ 10ಕ್ಕೆ ಪಾಕಿಸ್ತಾನದ ಜೊತೆಗಿನ ಕಾಳಗ ನಿಂತಿತ್ತು. ಎಂಟು ದಿನದ ನಂತರ ಮೋಡದ ಆಚೆಗೂ, ಕತ್ತಲಲ್ಲೂ ನೋಡಬಲ್ಲ ಉಪಗ್ರಹ ಬಿತ್ತು. ಎರಡನ್ನೂ ಗಂಟು ಹಾಕಬೇಕು ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಆ ಬೆಳಿಗ್ಗೆ ಒಂದು ಕ್ಷಣ ಅನಿಸಿತು.

ಆದರೆ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಲು ಆಗುವುದಿಲ್ಲ. ಇಸ್ರೋ ಹೊರಗೆ ಹೇಳಿದ್ದರಲ್ಲಿ ಒತ್ತಡದ ಮಾತಿದೆ, ಹೊರಳಾಟದ ಮಾತಿದೆ, ದಾಳಿಯ ಮಾತಿಲ್ಲ. ಹಾರುವ ರಾಕೆಟ್ ನಮ್ಮ ಫೋನಿನ ಹಾಗೆ ಇಂಟರ್ನೆಟ್ಟಿಗೆ ಅಂಟಿಕೊಂಡಿರುವುದಿಲ್ಲ. ಅದರ ದಾರಿಯನ್ನು ಅದರೊಳಗಿನ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಘನ ಇಂಧನ ಉರಿಯುವುದಕ್ಕೆ ಯಾವ ಪಾಸ್‌ವರ್ಡೂ ಬೇಡ.

ಇಲ್ಲಿ ಒಂದು ನಡೆದ ಕಥೆ ಹೇಳಬೇಕು. 2016ರ ಸೆಪ್ಟೆಂಬರ್ 1ರಂದು ಅಮೆರಿಕದ ಫ್ಲೋರಿಡಾದಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟಿಗೆ ಪರೀಕ್ಷೆಗಾಗಿ ಇಂಧನ ತುಂಬುತ್ತಿದ್ದರು. ಇದ್ದಕ್ಕಿದ್ದಂತೆ ಸ್ಫೋಟವಾಯಿತು. ಇಸ್ರೇಲಿನ ಆಮೋಸ್-6 ಉಪಗ್ರಹವೂ ಸುಟ್ಟುಹೋಯಿತು. ವಿಡಿಯೋ ನೋಡಿದವರು ಹಾರುವ ತಟ್ಟೆ ಬಂದಿತ್ತು ಎಂದರು. ಎದುರಾಳಿ ಕಂಪನಿಯ ಕಟ್ಟಡದ ತಾರಸಿಯಿಂದ ಯಾರೋ ಗುಂಡು ಹೊಡೆದರು ಎಂದರು. ಸ್ಪೇಸ್‌ಎಕ್ಸ್‌ನವರು ಆ ಗುಮಾನಿಯನ್ನೂ ಬಿಡಲಿಲ್ಲ. ಆ ತಾರಸಿ ನೋಡಬೇಕು ಎಂದು ಕೇಳಿದರು. ಅಲ್ಲಿ ಏನೂ ಸಿಗಲಿಲ್ಲ. ನಾಲ್ಕು ತಿಂಗಳ ನಂತರ ಕಾರಣ ಹೊರಬಂತು. ರಾಕೆಟ್ಟಿನೊಳಗಿನ ಹೀಲಿಯಂ ಟ್ಯಾಂಕಿನ ಒಳಪದರ ಸುಕ್ಕುಗಟ್ಟಿತ್ತು. ಆ ಸುಕ್ಕಿನಲ್ಲಿ ಅತಿ ತಣ್ಣನೆಯ ಆಮ್ಲಜನಕ ಸೇರಿಕೊಂಡು ಹೊತ್ತಿಕೊಂಡಿತ್ತು. ಬಂದೂಕಿಗಾಗಿ ಹುಡುಕಿದವರಿಗೆ ಸಿಕ್ಕಿದ್ದು ಒಂದು ಸುಕ್ಕು.

ಗುಮಾನಿ ಪಡುವುದು ತಪ್ಪಲ್ಲ. ಅದನ್ನು ಪರೀಕ್ಷಿಸಬೇಕು. ಸಾಕ್ಷಿ ಬಂದರೆ ನಾನೂ ಒಪ್ಪುತ್ತೇನೆ. ಸಾಕ್ಷಿ ಬರುವ ಮೊದಲೇ ಯಾರದೋ ಹೆಸರು ಹಿಡಿದು ಫಾರ್ವರ್ಡ್ ಮಾಡುವುದು ಮಾತ್ರ ಬೇಡ. ನಮ್ಮ ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳೂ ಕೂರುತ್ತಾರೆ. ಅಂಥ ಮೆಸೇಜು ಅವರ ಬೆಂಚಿನ ತನಕ ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಇಷ್ಟು ಓದಿದವರು ಸಣ್ಣ ತಪ್ಪು ಮಾಡ್ತಾರಾ?

ಮಾಡುತ್ತಾರೆ. 1996ರಲ್ಲಿ ಯುರೋಪಿನ ಏರಿಯನ್-5 ಮೊದಲ ಹಾರಾಟದಲ್ಲೇ 40 ಸೆಕೆಂಡಿನೊಳಗೆ ಛಿದ್ರವಾಯಿತು. ಹಳೆಯ ರಾಕೆಟ್ಟಿನ ಸಾಫ್ಟ್‌ವೇರ್ ತಂದು ಹಾಕಿದ್ದರು, ದೊಡ್ಡ ಸಂಖ್ಯೆಯೊಂದು ಅದಕ್ಕೆ ಹಿಡಿಯಲಿಲ್ಲ. 2013ರಲ್ಲಿ ರಷ್ಯಾದ ಪ್ರೋಟಾನ್ ಎದ್ದ ಕೂಡಲೇ ಮಗುಚಿ ಬಿತ್ತು. ತಿರುಗುವಿಕೆ ಅಳೆಯುವ ಸೆನ್ಸರ್‌ಗಳನ್ನು ತಲೆಕೆಳಗಾಗಿ ಕೂರಿಸಿದ್ದರು.

ರಾಕೆಟ್ ಬ್ಲಾಸ್ಟ್ ಆಗುವ ವಿಡಿಯೋ ನಮ್ಮ ಗ್ರೂಪಿಗೆ ಬಂದಿದೆಯಲ್ಲ?

ಅದು ಇದರದ್ದಲ್ಲ. ಎರಡೂ ಸಲ ತೊಂದರೆ ಆಗಿದ್ದು ನೆಲದಿಂದ ನೂರಾರು ಕಿಲೋಮೀಟರ್ ಮೇಲೆ, ಸಮುದ್ರದ ಆಚೆ. ಅಲ್ಲಿ ಫೋನ್ ಹಿಡಿದು ನಿಂತವರು ಯಾರೂ ಇರಲಿಲ್ಲ. ಉಡಾವಣಾ ಕಟ್ಟೆಯ ಹತ್ತಿರ ಬೆಂಕಿಯ ಉಂಡೆ ಕಂಡರೆ ಅದು ಬೇರೆ ದೇಶದ, ಬೇರೆ ವರ್ಷದ ವಿಡಿಯೋ ಎಂದು ತಿಳಿಯಿರಿ.

ಚೂರುಗಳು ನಮ್ಮ ತೋಟಕ್ಕೆ ಬೀಳಬಹುದಾ?

ಇಲ್ಲ. ಶ್ರೀಹರಿಕೋಟಾ ನಮ್ಮಿಂದ ಪೂರ್ವಕ್ಕೆ, ನೇರ ಗೆರೆ ಎಳೆದರೆ ಸುಮಾರು 540 ಕಿಲೋಮೀಟರ್. ಅಲ್ಲಿಂದ ಎದ್ದ ರಾಕೆಟ್ ಬಂಗಾಳ ಕೊಲ್ಲಿಯ ಮೇಲೆ ಹೋಗುತ್ತದೆ. ಪಿಎಸ್‌ಎಲ್‌ವಿ ಆಮೇಲೆ ಶ್ರೀಲಂಕಾ ತಪ್ಪಿಸಿಕೊಂಡು ದಕ್ಷಿಣಕ್ಕೆ ತಿರುಗುತ್ತದೆ. ನಮ್ಮ ಕಡೆ ಬರುವುದೇ ಇಲ್ಲ. ಸಮುದ್ರದ ಆ ಭಾಗಕ್ಕೆ ಮೀನುಗಾರರು, ವಿಮಾನಗಳು ಹೋಗದಂತೆ ಮೊದಲೇ ತಿಳಿಸಿರುತ್ತಾರೆ. ರಾಕೆಟ್ ಊರಿನ ಕಡೆ ತಿರುಗಿದರೆ ಆಕಾಶದಲ್ಲೇ ಒಡೆದುಹಾಕುವ ವ್ಯವಸ್ಥೆಯೂ ಇರುತ್ತದೆ.

ಹೊಸನಗರದ ಕಡೆಯ ಒಬ್ಬರು ರಾತ್ರಿ ಸಾಲಾಗಿ ದೀಪಗಳು ಹೋದದ್ದನ್ನು ನೋಡಿ, "ರಾಕೆಟ್ ಚೂರು ಬರ್ತಿದೆ" ಎಂದು ಗಾಬರಿಯಲ್ಲಿ ಫೋನ್ ಮಾಡಿದ್ದರು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು. ಹೊಸದಾಗಿ ಬಿಟ್ಟಾಗ ಮಣಿಸರದ ಹಾಗೆ ಒಂದರ ಹಿಂದೆ ಒಂದು ಸಾಗುತ್ತವೆ. ನಮ್ಮ ಕಡೆ ಬೀದಿ ದೀಪ ಕಡಿಮೆ, ಹಾಗಾಗಿ ಚೆನ್ನಾಗಿ ಕಾಣುತ್ತವೆ.

ಮುಹೂರ್ತ ಸರಿ ಇರಲಿಲ್ವಾ? ಇಸ್ರೋದವರು ತಿರುಪತಿಗೆ ಹೋಗಿಬಂದರೂ ಹೀಗಾಯ್ತಲ್ಲ?

ನಮ್ಮ ಪಕ್ಕದ ಮನೆಯ ಅಜ್ಜಿ ಇದನ್ನು ತುಂಬಾ ಬೇಸರದಲ್ಲಿ ಕೇಳಿದರು. ಹಾಗಾಗಿ ಕ್ಯಾಲೆಂಡರ್ ತೆಗೆದು ಕೂತೆವು. ಸಿ61 ಭಾನುವಾರ ಬೆಳಿಗ್ಗೆ 5.59ಕ್ಕೆ ಹಾರಿತು. ಭಾನುವಾರದ ರಾಹುಕಾಲ ಸಂಜೆ. ಸಿ62 ಸೋಮವಾರ ಹತ್ತು ಗಂಟೆಯ ಮೇಲೆ ಹಾರಿತು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಎರಡೂ ರಾಹುಕಾಲದಲ್ಲಿ ಇರಲಿಲ್ಲ. 2024ರ ಜನವರಿ 1 ಕೂಡ ಸೋಮವಾರವೇ. ಅವತ್ತು ಪಿಎಸ್‌ಎಲ್‌ವಿ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಸರಿಯಾಗಿ ಕಕ್ಷೆಗೆ ಸೇರಿಸಿತು. ಮಂಗಳಯಾನ ಹೊರಟಿದ್ದು 2013ರ ನವೆಂಬರ್ 5ರ ಮಂಗಳವಾರ.

ಹಾರುವ ಗಂಟೆಯನ್ನು ನಿರ್ಧರಿಸುವುದು ಉಪಗ್ರಹ ಸೇರಬೇಕಾದ ಕಕ್ಷೆ. ಪೂಜೆ ಅವರವರ ನಂಬಿಕೆ, ನನಗೆ ಅದರ ಮೇಲೆ ತಕರಾರಿಲ್ಲ. ಆಯುಧಪೂಜೆಯ ದಿನ ನಾವೂ ಪಂಪಿಗೆ ಹೂವಿಡುತ್ತೇವೆ. ಬೋರ್ಡೋ ಹೊಡೆಯುವ ದಿನ ಪೈಪನ್ನೂ ನೋಡುತ್ತೇವೆ. ಅಜ್ಜಿ ಈ ಮಾತಿಗೆ ತಲೆಯಾಡಿಸಿದರು.

ಇಷ್ಟು ದುಡ್ಡು ಸುಮ್ನೆ ನೀರಿಗೆ ಹಾಕಿದ ಹಾಗಲ್ವಾ? ನಮ್ಮೂರಿಗೆ ಒಂದು ಕಾಲುಸಂಕ ಇಲ್ಲ.

ಈ ಪ್ರಶ್ನೆಗೆ ನಾನು ಗಡಿಬಿಡಿಯಲ್ಲಿ ಉತ್ತರ ಕೊಡುವುದಿಲ್ಲ. ಮಳೆಗಾಲದಲ್ಲಿ ತುಂಬಿದ ಹಳ್ಳದ ಮೇಲೆ ಅಡಕೆ ದಬ್ಬೆಯ ಸಂಕ ದಾಟಿ ಶಾಲೆಗೆ ಬರುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಜೋರು ಮಳೆಯ ದಿನ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಎದೆ ಧಸಕ್ಕೆನ್ನುತ್ತದೆ. ಆ ಸಿಟ್ಟು ನ್ಯಾಯವಾದದ್ದು.

ಲೆಕ್ಕವನ್ನೂ ನೋಡೋಣ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟಿದ್ದು ಸುಮಾರು 13,400 ಕೋಟಿ ರೂಪಾಯಿ. ಒಟ್ಟು ಬಜೆಟ್ 50 ಲಕ್ಷ ಕೋಟಿಗೂ ಮೇಲೆ. ಅಂದರೆ ನೂರು ರೂಪಾಯಿಯಲ್ಲಿ ಸುಮಾರು 26 ಪೈಸೆ. ನಮ್ಮ ಸಂಕ ಆಗದೇ ಇರುವುದು ಈ 26 ಪೈಸೆಯಿಂದಲ್ಲ.

ಇನ್ನೊಂದು ಮಾತು. ಇಒಎಸ್-09 ನಮಗೆ ದೂರದ ವಸ್ತು ಆಗಿರಲಿಲ್ಲ. ಸಾಮಾನ್ಯ ಉಪಗ್ರಹ ಕ್ಯಾಮೆರಾದಂತೆ ಫೋಟೋ ತೆಗೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗುಂಬೆಯ ಫೋಟೋ ತೆಗೆದರೆ ಕಾಣುವುದು ಬರೀ ಮೋಡ. ಗುಡ್ಡ ಕುಸಿಯುವುದು, ಗದ್ದೆಗೆ ನೀರು ನುಗ್ಗುವುದು ಅದೇ ತಿಂಗಳುಗಳಲ್ಲಿ. ರೇಡಾರ್ ಉಪಗ್ರಹ ಮೋಡದ ಮೂಲಕ ನೆಲ ನೋಡುತ್ತದೆ, ರಾತ್ರಿಯೂ ನೋಡುತ್ತದೆ. ನಮ್ಮಂಥ ಮಳೆ ಊರಿಗೆ ಅದರ ಬೆಲೆ ಗೊತ್ತು. ಹಾಗಾಗಿ ಅವತ್ತು ಬಿದ್ದದ್ದು ನಮ್ಮದೇ ಒಂದು ಕಣ್ಣು ಅನಿಸಿತು ನನಗೆ. ಸಮಾಧಾನದ ವಿಷಯ ಅಂದರೆ 2022ರಲ್ಲಿ ಹೋದ ಇಒಎಸ್-04 ಕೂಡ ರೇಡಾರ್ ಉಪಗ್ರಹವೇ. 2025ರ ಜುಲೈ 30ರಂದು ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನೈಸಾರ್ ಕೂಡ ಕಕ್ಷೆ ಸೇರಿತು.

ಸಂಕವೂ ಬೇಕು, ಉಪಗ್ರಹವೂ ಬೇಕು. ಒಂದನ್ನು ಕೇಳಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಹಿಂದೆಯೂ ಹೀಗೆ ಆಗಿತ್ತಾ?

ಆಗಿತ್ತು. 1979ರ ಆಗಸ್ಟ್ 10ರಂದು ನಮ್ಮ ಮೊದಲ ಉಪಗ್ರಹ ವಾಹಕ ಎಸ್‌ಎಲ್‌ವಿ-3 ಐದು ನಿಮಿಷ ಹಾರಿ ಸಮುದ್ರಕ್ಕೆ ಬಿತ್ತು. ಮರುವರ್ಷ ಜುಲೈ 18ಕ್ಕೆ ಅದೇ ಮಾದರಿ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅದರ ನಂತರದ ರಾಕೆಟ್ ಎಎಸ್‌ಎಲ್‌ವಿ 1987ರಲ್ಲೂ 1988ರಲ್ಲೂ ಸೋತಿತು. ಪಿಎಸ್‌ಎಲ್‌ವಿ ಕೂಡ 1993ರಲ್ಲಿ ಮೊದಲ ಹಾರಾಟದಲ್ಲೇ ಬಿದ್ದಿತ್ತು. 2017ರಲ್ಲಿ ಉಪಗ್ರಹದ ಮೇಲಿನ ಶಾಖಕವಚ ತೆರೆದುಕೊಳ್ಳದೆ ಮತ್ತೊಮ್ಮೆ ಸೋತಿತು. ಇಸ್ರೋದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿಗಂತೂ ತುಂಟ ಹುಡುಗ ಎಂಬ ಅಡ್ಡಹೆಸರೇ ಬಂದಿತ್ತು. ನೈಸಾರನ್ನು ಹೊತ್ತು ಸರಿಯಾದ ಜಾಗಕ್ಕೆ ಮುಟ್ಟಿಸಿದ್ದು ಆ ಜಿಎಸ್‌ಎಲ್‌ವಿಯೇ.

ಆದರೆ ಈ ಸಲದ್ದನ್ನು "ಎಲ್ಲ ಮಾಮೂಲು" ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಪಿಎಸ್‌ಎಲ್‌ವಿ ನಮ್ಮ ನಂಬಿಕೆಯ ಎತ್ತು. ಅದು ಒಂದರ ಹಿಂದೆ ಒಂದು ಎರಡು ಸಲ ಸೋತದ್ದು ಇದೇ ಮೊದಲು. ಎರಡೂ ಸಲ ಮೂರನೇ ಹಂತದಲ್ಲೇ.

ಹಾಗಾದ್ರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅಲ್ವಾ?

ಮುಚ್ಚಿಡುವುದು ಬೇರೆ, ಹೇಳದೇ ಇರುವುದು ಬೇರೆ. ಆದರೆ ಕೇಳುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

2021ರ ಆಗಸ್ಟ್‌ನಲ್ಲಿ ಜಿಎಸ್‌ಎಲ್‌ವಿ-ಎಫ್10 ಬಿದ್ದಾಗ ಇಸ್ರೋ ಕಾರಣವನ್ನು ವಿವರವಾಗಿ ಹೊರಗಿಟ್ಟಿತು. ಒಂದು ವಾಲ್ವ್ ಸೋರಿ ದ್ರವ ಜಲಜನಕದ ಟ್ಯಾಂಕಿನಲ್ಲಿ ಒತ್ತಡ ಸಾಲದೆ ಹೋಯಿತು ಎಂದು ಯಾರು ಬೇಕಾದರೂ ಓದಬಹುದಿತ್ತು. 2022ರಲ್ಲಿ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿ ಸೋತಾಗಲೂ ಹೇಳಿದರು. ನಾನು ಅದನ್ನೇ ಹಿಡಿದು ಪಾಠ ಮಾಡಿದ್ದೇನೆ. ಸಿ61ರ ವಿಷಯದಲ್ಲಿ ಸಮಿತಿ ತನಿಖೆ ಮಾಡಿತು. ಆದರೆ ಆ ವರದಿ ಜನರ ಮುಂದೆ ಬರುವ ಮೊದಲೇ ಸಿ62 ಹಾರಿತು, ಅದೂ ಬಿತ್ತು.

ನನಗೆ ನೋವಾಗುವುದು ಇಲ್ಲಿ. ರಕ್ಷಣೆಗೆ ಸಂಬಂಧಿಸಿದ ಗುಟ್ಟುಗಳಿರಬಹುದು, ಅವನ್ನು ಹೇಳಬೇಡಿ. ಯಾವ ಭಾಗ ಕೈಕೊಟ್ಟಿತು, ಯಾಕೆ, ಏನು ಸರಿ ಮಾಡಿದಿರಿ, ಇಷ್ಟನ್ನು ಎರಡು ಪುಟದಲ್ಲಿ ಹೇಳಬಹುದು. ಹೇಳದ ಜಾಗ ಖಾಲಿ ಉಳಿಯುವುದಿಲ್ಲ. ಅಂತೆ ಕಂತೆಗಳು ಬಂದು ತುಂಬಿಕೊಳ್ಳುತ್ತವೆ. ಮೇ ತಿಂಗಳಲ್ಲಿ "ಕಾಯೋಣ, ವರದಿ ಬರುತ್ತದೆ" ಎಂದು ಮಕ್ಕಳಿಗೆ ಹೇಳಿದ್ದೆ. ಜನವರಿಯಲ್ಲಿ ಅವರು "ಸಾರ್, ಬಂತಾ?" ಎಂದು ಕೇಳಿದರು. ಇಲ್ಲ ಎಂದೆ.

ಗಗನಯಾನದಲ್ಲಿ ಮನುಷ್ಯರನ್ನು ಕಳಿಸ್ತಾರಂತೆ. ಹೆದರಿಕೆ ಇಲ್ವಾ?

ಗಗನಯಾನದ ರಾಕೆಟ್ ಬೇರೆ, ಎಲ್‌ವಿಎಂ-3. ಚಂದ್ರಯಾನ-3 ಹೊತ್ತುಕೊಂಡು ಹೋಗಿದ್ದು ಅದೇ. ಅದರಲ್ಲಿ ಪಿಎಸ್‌ಎಲ್‌ವಿಯ ಈ ಮೂರನೇ ಹಂತ ಇಲ್ಲ. 2025ರ ನವೆಂಬರ್ 2 ಮತ್ತು ಡಿಸೆಂಬರ್ 24ರಂದು ಅದು ಎರಡು ಸಲ ಹಾರಿ ಗೆದ್ದಿತು. ಏನಾದರೂ ಕೆಟ್ಟರೆ ಜನರಿರುವ ಗೂಡನ್ನು ರಾಕೆಟ್ಟಿನಿಂದ ಎಳೆದು ದೂರ ಒಯ್ಯುವ ವ್ಯವಸ್ಥೆಯನ್ನು 2023ರ ಅಕ್ಟೋಬರ್ 21ರಂದು ಪರೀಕ್ಷೆ ಮಾಡಿದ್ದಾರೆ. ಮನುಷ್ಯರಿಗೆ ಮೊದಲು ವ್ಯೋಮಮಿತ್ರ ಎಂಬ ರೋಬೋಟ್ ಹೋಗಬೇಕು. ಹಾಗಂತ ಹೆದರಿಕೆ ಇಲ್ಲ ಎನ್ನಲಾರೆ. ತಡವಾದರೂ ಚಿಂತೆಯಿಲ್ಲ, ನಿಧಾನ ಮಾಡಲಿ.

ಹಾಸನದವರು ಏನೂ ಮಾಡೋಕೆ ಆಗ್ತಿರಲಿಲ್ವಾ?

ಹಾಸನದಲ್ಲಿರುವ ಇಸ್ರೋ ಕೇಂದ್ರ ನೋಡಿಕೊಳ್ಳುವುದು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು, ಅವು ಕಕ್ಷೆ ಸೇರಿದ ಮೇಲೆ. ಹಾರುತ್ತಿರುವ ರಾಕೆಟ್ಟಿಗೂ ಅವರಿಗೂ ಸಂಬಂಧವಿಲ್ಲ.

ಸಿ62ರಲ್ಲಿ ಒಂದಾದರೂ ಉಳಿಯಿತಾ?

ಕಕ್ಷೆಗೆ ಯಾವುದೂ ಸೇರಲಿಲ್ಲ. ಆದರೆ ಸ್ಪೇನಿನ ಒಂದು ಪುಟ್ಟ ಕಂಪನಿಯ ಸಣ್ಣ ಗೂಡೊಂದು (ಕ್ಯಾಪ್ಸೂಲ್) ರಾಕೆಟ್ಟಿನಿಂದ ಕಳಚಿಕೊಂಡು, ತಾನೇ ಚಾಲೂ ಆಗಿ, ಬೀಳುವಾಗ ಮೂರು ನಿಮಿಷದಷ್ಟು ಮಾಹಿತಿ ಕಳಿಸಿತು ಎಂದು ಆ ಕಂಪನಿಯವರು ಹೇಳಿದ್ದಾರೆ. ವಾತಾವರಣಕ್ಕೆ ಮರಳುವುದನ್ನು ಪರೀಕ್ಷಿಸಲೆಂದೇ ಮಾಡಿದ ಗೂಡು ಅದು. ಇದನ್ನು ಹೇಳಿದಾಗ ತರಗತಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು.

ಮುಂದಿನ ಸಲ ನಾವೇ ಹೋಗಿ ನೋಡಬಹುದಾ?

ನೋಡಬಹುದು. ಶ್ರೀಹರಿಕೋಟಾದಲ್ಲಿ ಜನ ಕೂತು ನೋಡುವ ಗ್ಯಾಲರಿ ಇದೆ. ದಿನಾಂಕ ಹೇಳಿದ ಮೇಲೆ ಇಸ್ರೋದ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಬೇಕು, ಸೀಟು ಬೇಗ ಮುಗಿಯುತ್ತದೆ. ಗುರುತಿನ ಚೀಟಿ ಬೇಕು. ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ಚೆನ್ನೈ. ಚೆನ್ನೈಯಿಂದ ಉತ್ತರಕ್ಕೆ 80 ಕಿಲೋಮೀಟರ್ ಆಸುಪಾಸಿನಲ್ಲಿ ಸೂಳ್ಳೂರುಪೇಟೆ ಸ್ಟೇಷನ್ನಿದೆ. ಉಡಾವಣೆ ಮುಂದೆ ಹೋಗುವುದುಂಟು, ಹಾಗಾಗಿ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಪಿಎಸ್‌ಎಲ್‌ವಿ ಮತ್ತೆ ಹಾರುವ ದಿನಕ್ಕೆ ನನ್ನ ತರಗತಿಯ ಆರು ಮಕ್ಕಳು ಈಗಲೇ ಹೆಸರು ಕೊಟ್ಟಿದ್ದಾರೆ. ಮನೆಯವರು ಒಪ್ಪಿದರೆ ಕರೆದುಕೊಂಡು ಹೋಗುತ್ತೇನೆ.